ಚೆನ್ನೆಮಣೆಯ ಮುಂದೆ ಹಿರಿಯರು

ಘಟ್ಟದ ಮೇಲಿನ ಸಂಸೆಯಲ್ಲಿ ಮಳೆಗಾಲವೆಂದರೆ ಮನೆಯೊಳಗಿನ ಕಾಲ. ಕುದುರೆಮುಖದ ಬೆನ್ನು ಮೋಡದಲ್ಲಿ ಮುಳುಗಿತೆಂದರೆ ತೋಟದ ಕೆಲಸವೆಲ್ಲ ಹೊಳವಿಗಾಗಿ ಕಾಯಬೇಕು. ಆ ಬಿಡುವನ್ನು ಕಳೆಯಲು ಮಲೆನಾಡಿನ ಹಿರಿಯರಿಗೆ ಯಾರೂ ಕಾರ್ಯಕ್ರಮ ಹಾಕಿಕೊಡಬೇಕಾಗಿರಲಿಲ್ಲ. ಜಗಲಿಯ ಮೇಲೆ ಚೌಕಾಬಾರದ ಮನೆ ಬರೆಯಲು ಒಂದು ಚೂರು ಇದ್ದಿಲು, ಎಸೆಯಲು ನಾಲ್ಕು ಕವಡೆ, ಎದುರಿಗೆ ಕೂರಲು ನೆರೆಮನೆಯವರು, ಇಷ್ಟಿದ್ದರೆ ಸಾಕಿತ್ತು.

ಈಗ ಕವಡೆ ಉಳಿದಿರಬಹುದು. ಎದುರಿಗೆ ಕೂರುವವರು ಕಡಿಮೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ತೊಟ್ಟಿಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದು, ಕಡೆಗೆ ಅವರೂ ಪಟ್ಟಣದ ವೃದ್ಧಾಶ್ರಮದ ದಾರಿ ಹಿಡಿಯುವುದುಂಟು. ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಆದ ಕೇಂದ್ರ ಕಾಯಿದೆಯು, ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವಿರಬೇಕು, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕರಿಗೆ ಸ್ಥಳವಿರಬೇಕು ಎಂಬ ಮಾತನ್ನಾಡಿ, ಅಂಥಲ್ಲಿ ಒದಗಿಸಬೇಕಾದ ಸೌಕರ್ಯಗಳನ್ನು ಹೇಳುವಾಗ ವೈದ್ಯೋಪಚಾರವನ್ನೂ ಮನರಂಜನೆಯನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದೆ. ಕಾಯಿದೆ ಬರೆದವರು ರಸಿಕರೆಂದು ನಾನು ಹೇಳಲಾರೆ. ಆದರೆ ಮದ್ದಿನ ಪಕ್ಕದಲ್ಲಿ ಆಟವನ್ನಿಟ್ಟರಲ್ಲ, ಅದು ಸಣ್ಣ ಮಾತಲ್ಲ.

ಆಟವೆಂದರೆ ಮಕ್ಕಳದು, ಮುಪ್ಪಿನವರು ಆಡಿದರೆ ಅದು ಎರಡನೆಯ ಬಾಲ್ಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕನ್ನಡ ನಾಡಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಕೊನೆಯ ಇಪ್ಪತ್ತು ಕ್ರೀಡೆಗೇ ಮೀಸಲು. ಅವು ರಾಜ್ಯವಾಳುವ ಪ್ರೌಢರ ಕ್ರೀಡೆಗಳು. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆದವರೂ ಹಸುಳೆಗಳಾಗಿರಲಾರರು.

ಎಲ್ಲಕ್ಕಿಂತ ಮನಮುಟ್ಟುವ ನಿದರ್ಶನ ಮುಮ್ಮಡಿ ಕೃಷ್ಣರಾಜ ಒಡೆಯರದು. 1794ರಲ್ಲಿ ಹುಟ್ಟಿದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡಾಗ ವಯಸ್ಸು 37. ಬಿರುದು ಉಳಿಯಿತು, ಅರಮನೆ ಉಳಿಯಿತು, ಕೆಲಸ ಉಳಿಯಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗಿನ ಇನ್ನೊಂದು 37 ವರ್ಷಗಳನ್ನು ಬಲವಂತದ ನಿವೃತ್ತಿಯೆಂದೇ ಕರೆಯಬೇಕು. ಆ ಕಾಲವನ್ನು ಅವರು ವಿದ್ವಾಂಸರ ನಡುವೆ, ಗ್ರಂಥಗಳ ನಡುವೆ, ಆಟಗಳ ನಡುವೆ ಕಳೆದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ ವಿನೋದಗಳಿಗೆ ಮೀಸಲು. ಅದರಲ್ಲಿ 36ರಿಂದ 360 ಎಲೆಗಳವರೆಗಿನ ‘ಛದ’ಗಳ ವಿವರವಿದೆ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಯಲ್ಲಿ ಅವರು ಮುಳುಗಿಹೋದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಚಿತ್ರಗಳನ್ನು ನೋಡಬಹುದು. ರಾಜ್ಯವಿಲ್ಲದ ರಾಜನ ಕಾಲಹರಣವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. 360 ಎಲೆಗಳ ಆಟವನ್ನು ಕಟ್ಟುವುದು ಕೈಚೆಲ್ಲಿದ ಮನಸ್ಸಿನ ಕೆಲಸವೆಂದು ನನಗಂತೂ ತೋರದು.

ಅರಮನೆಯಿಂದ ಮತ್ತೆ ಘಟ್ಟಕ್ಕೆ ಬರೋಣ. ಸಂಸೆಯ ಬೆಟ್ಟಗಳ ಕೆಳಗೆ ತುಳುನಾಡು. ಕಳಸ ಮತ್ತು ಕಾರ್ಕಳ ಒಮ್ಮೆ ಒಂದೇ ಅರಸುಮನೆತನದ ಕೈಯಲ್ಲಿದ್ದವು. ಜನರೂ ಮಾತುಗಳೂ ಘಟ್ಟವನ್ನು ಹತ್ತಿ ಇಳಿದಿವೆ. ಅಲ್ಲಿ ಚೆನ್ನೆಮಣೆ ಆಟಿ ತಿಂಗಳ ಆಟ. ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ; ಬಯಲುಸೀಮೆಯವರು ಅಳಗುಳಿಮಣೆ ಎನ್ನುತ್ತಾರೆ. ನೋಡಲು ಸಾಧುವಾದ ಆಟ. ಆದರೆ ತುಳುವರ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆಯುತ್ತಾಳೆ. ಪೆಟ್ಟು ತಿಂದವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಚೆನ್ನೆಯಾಡಬಾರದೆಂಬ ನಂಬಿಕೆ ಇದರೊಡನೆ ಹೆಣೆದುಕೊಂಡಿದೆ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಈ ಸಿರಿಕಾವ್ಯವನ್ನು ದಿನಗಟ್ಟಲೆ ಹಾಡಿದರು. ಅದು 1998ರಲ್ಲಿ 15,683 ಸಾಲುಗಳಾಗಿ ಅಚ್ಚಾಯಿತು.

ಸೋಲು ಗೆಲುವಿಗೆ ಇಷ್ಟು ಬಿಸಿಯಿದ್ದ ಆಟವನ್ನು ನಮ್ಮ ಆಶ್ರಮಗಳಿಗೆ ಒಯ್ಯುವಾಗ ತಣ್ಣಗೆ ಮಾಡಿಬಿಡುತ್ತೇವೆ. ಹಬ್ಬದ ದಿನ ಉತ್ಸಾಹಿ ತರುಣರು ಬಂದು ಅಜ್ಜ ಅಜ್ಜಿಯರನ್ನು ವೃತ್ತವಾಗಿ ಕೂರಿಸುತ್ತಾರೆ, ಚೆಂಡು ದಾಟಿಸುತ್ತಾರೆ, ಎಲ್ಲರಿಗೂ ಬಹುಮಾನ ಹಂಚಿ, ಚಪ್ಪಾಳೆ ತಟ್ಟಿ ಹೋಗುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಸೋಲಲು ಬಿಡದವನ ಜೊತೆ ಆಡಿ ಏನು ಸುಖ? ನಲವತ್ತು ವರ್ಷ ತೋಟದ ಲೆಕ್ಕ ಬರೆದವರಿಗೆ ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಕಡಿಯುವ ಹಕ್ಕನ್ನಾದರೂ ಬಿಡಬೇಕು. ವ್ಯವಸ್ಥೆ ಮಾಡುವವರು ಮಣೆಯನ್ನೂ ಬೀಜವನ್ನೂ ಬೆಳಕಿರುವ ಒಂದು ಮೂಲೆಯನ್ನೂ ಒದಗಿಸಿ ಹಿಂದೆ ಸರಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಚೆನ್ನೆಗೆ ಇನ್ನೊಂದು ಅನುಕೂಲವುಂಟು. ಇಸ್ಪೀಟಿನ ಎಲೆ ನೋಡಲು ಕಣ್ಣು ಬೇಕು. ಗುಳಿಯೊಳಗಿನ ಬೀಜವನ್ನು ಬೆರಳೇ ಎಣಿಸುತ್ತದೆ. ಇನ್ನು ನಿಯಮಗಳು ಊರಿಗೊಂದು. ಕಳಸದ ಕಡೆಯ ಅಜ್ಜಿಯೂ ಮಂಡ್ಯದ ಅಜ್ಜಿಯೂ ಒಂದೇ ಮಣೆಯ ಮುಂದೆ ಕೂತರೆ, ಬೀಜ ಎತ್ತುವ ಮೊದಲೇ “ನಮ್ಮಲ್ಲಿ ಹಾಗಲ್ಲ” ಎಂಬ ಮಾತು ಹೊರಡುತ್ತದೆ. ನಿಮ್ಮಲ್ಲಿ ಹೇಗೆ, ನಿಮ್ಮೂರು ಯಾವುದು, ಯಾರು ಕಲಿಸಿದರು ಎಂದು ವಿಚಾರಣೆ ಬೆಳೆದು, ಆಟ ಶುರುವಾಗುವಷ್ಟರಲ್ಲಿ ಸಂಜೆಯ ಕಾಫಿ ಬಂದಿರುತ್ತದೆ.