ಅಟ್ಟದ ಮೇಲಿನ ಆಟದ ಪೆಟ್ಟಿಗೆ

ಕಳೆದ ಬೇಸಿಗೆಯಲ್ಲಿ ಪುಣೆಯಿಂದ ಊರಿಗೆ ಹೋದಾಗ, ಮಾರಾಟಕ್ಕಿಟ್ಟಿದ್ದ ರಾಣೆಬೆನ್ನೂರಿನ ನಮ್ಮ ಹಳೆಯ ಮನೆಯ ಅಟ್ಟವನ್ನು ಬರಿದು ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತು. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅಪ್ಪನವರ ಲೆಕ್ಕದ ವಹಿಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿದ್ದದ್ದು 1993ರಲ್ಲಿ ಸೋದರಮಾವ ಮುಂಬಯಿಯಿಂದ ತಂದುಕೊಟ್ಟಿದ್ದ, ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್. ಜೊತೆಗೆ ಎರಡು ಹಳದಿ ಕ್ಯಾಸೆಟ್ಟು.

"ಯಪ್ಪಾ, ಇದನ್ನ ಗುಜರಿಯವಂಗ ಕೊಡ್ಲೇನು? ಸುಮ್ಮನ ಜಾಗಾ ಹಿಡದೈತಿ" ಎಂದಳು ಅವ್ವ. ಹಂಡೆಯನ್ನು ಯಾರು ಒಯ್ಯಬೇಕು, ತೊಟ್ಟಿಲು ಯಾರಿಗೆ ಎಂಬುದೆಲ್ಲ ಹೈದರಾಬಾದಿನ ತಮ್ಮನಿಗೂ ನಮಗೂ ಆದ ವಾಟ್ನಿಯ ಕಾಗದದಲ್ಲಿ ಬರೆದಿತ್ತು. ಈ ಪೆಟ್ಟಿಗೆಯ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ.

ನಾವು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಹಳೆಯ ಕಡತಗಳನ್ನು ವರ್ಗ ಮಾಡಿ ವಿಲೇವಾರಿಗೆ ಹಾಕುವುದು ನಮ್ಮ ನಿತ್ಯದ ಕೆಲಸಗಳಲ್ಲಿ ಒಂದು. 'ಎ' ವರ್ಗದ್ದನ್ನು ಕಾಯ್ದಿಡುವುದಲ್ಲದೆ ಅದರ ಪ್ರತಿಯನ್ನೂ ಫಿಲ್ಮಿನಲ್ಲಿ ತೆಗೆದಿಡಬೇಕು. 'ಬಿ' ವರ್ಗದ್ದನ್ನು ಕಾಯ್ದಿಟ್ಟರೆ ಸಾಕು. 'ಸಿ' ವರ್ಗದ್ದು ಗೊತ್ತಾದ ಅವಧಿಯವರೆಗೆ ಮಾತ್ರ, ಆಮೇಲೆ ನಾಶ. ಮಕ್ಕಳ ಆಟದ ಪೆಟ್ಟಿಗೆ ಯಾವ ವರ್ಗಕ್ಕೆ ಸೇರಬೇಕು? 'ಸಿ' ಎಂದು ಯಾರಾದರೂ ಹೇಳಿಯಾರು. ಆದರೆ ಈ ಮನೆಗಣಕದ ಆಟಗಳ ಚರಿತ್ರೆಯನ್ನು ನಾಲ್ಕಾರು ದೇಶಗಳಲ್ಲಿ ಹಿಂಬಾಲಿಸಿ ನೋಡಿದ ಮೇಲೆ ಆ ಉತ್ತರ ಅಷ್ಟು ಸುಲಭವಲ್ಲವೆಂದು ನಮಗೆ ತೋರಿತು. ಅದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

1970ರ ದಶಕದ ನಡುವಿನವರೆಗೂ ಗಣಕಯಂತ್ರವೆಂದರೆ ವಿಶ್ವವಿದ್ಯಾಲಯ, ಬ್ಯಾಂಕು, ಸೇನೆಗಳ ಸೊತ್ತು. ಅದು ಅಗ್ಗವಾಗಿ ಮನೆಯೊಳಗೆ ಬಂದ ಕಥೆಯಲ್ಲಿ ಬ್ರಿಟನ್ನಿಗೆ ದೊಡ್ಡ ಪಾಲಿದೆ. ಅಲ್ಲಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರ ಏಪ್ರಿಲ್ 23ರಂದು 'ಜೆಡ್‌ಎಕ್ಸ್ ಸ್ಪೆಕ್ಟ್ರಂ' ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. 16 ಕಿಲೋಬೈಟ್ ಸ್ಮೃತಿಯದಕ್ಕೆ 125 ಪೌಂಡು, 48 ಕಿಲೋಬೈಟಿನದಕ್ಕೆ 175 ಪೌಂಡು. ರಬ್ಬರಿನ ಗುಂಡಿಗಳು, ಪರದೆಯೆಂದರೆ ಮನೆಯ ಟಿ.ವಿ.ಯೇ, ಆಟಗಳನ್ನು ತುಂಬಿಡಲು ಹಾಡು ಕೇಳುವ ಸಾಮಾನ್ಯ ಟೇಪ್ ರೆಕಾರ್ಡರ್. ಆಟದ ಲೆಕ್ಕಾಚಾರವೆಲ್ಲ ಧ್ವನಿಯಾಗಿ ಟೇಪಿನ ಮೇಲೆ ಅಚ್ಚಾಗಿರುತ್ತಿತ್ತು. ಟೇಪು ತಿರುಗಿದಂತೆ ಕಿರ್ರೆಂಬ ಸದ್ದು. ಐದು ನಿಮಿಷ ಕಾದರೆ ಆಟ ಸಿದ್ಧ. ನಾಲ್ಕನೆಯ ನಿಮಿಷದಲ್ಲಿ ಟೇಪು ತೊಡರಿದರೆ ಮತ್ತೆ ಮೊದಲಿನಿಂದ.

ಆಗ ಆ ದೇಶದಲ್ಲಿ ನಿರುದ್ಯೋಗ ಹೆಚ್ಚಿತ್ತು. ಗಣಕ ಕಲಿತವನಿಗೆ ಭವಿಷ್ಯವಿದೆಯೆಂದು ಸರಕಾರವೂ ಬಿ.ಬಿ.ಸಿ.ಯೂ ಪ್ರಚಾರ ಮಾಡಿದವು. ತಂದೆತಾಯಿಗಳು ಓದಿಗೆಂದು ಕೊಂಡರು, ಮಕ್ಕಳು ಆಟಕ್ಕೆಂದು ಬಳಸಿದರು. ಮ್ಯಾಥ್ಯೂ ಸ್ಮಿತ್ ಎಂಬ, ಇಪ್ಪತ್ತೂ ತುಂಬದ ಹುಡುಗ 1983ರಲ್ಲಿ ಬರೆದ 'ಮ್ಯಾನಿಕ್ ಮೈನರ್' ಎಂಬ ಗಣಿಗಾರನ ಆಟವನ್ನು ಅಲ್ಲಿನ ಐವತ್ತರ ಆಸುಪಾಸಿನವರು ಇಂದಿಗೂ ನೆನೆಯುತ್ತಾರೆ. ಒಬ್ಬನೇ ಕುಳಿತು, ತನ್ನ ಕೋಣೆಯಲ್ಲೇ, ಮಾರಾಟವಾಗುವಂಥ ಆಟವನ್ನು ಮಾಡಬಹುದು ಎಂಬ ಹೆಮ್ಮೆ ಬ್ರಿಟನ್ನಿನವರ ನೆನಪಿನ ತಿರುಳು.

ಇದೇ ಕಾಲದಲ್ಲಿ ಯುಗೋಸ್ಲಾವಿಯದ ಕಥೆ ಬೇರೆ. ಅಲ್ಲಿ ಹೊರದೇಶದ ಸಾಮಾನು ತರಲು ಕಟ್ಟುನಿಟ್ಟು. ಸುಮಾರು 50 ಜರ್ಮನ್ ಮಾರ್ಕಿಗೆ ಮೀರಿದ್ದನ್ನು ಒಳಗೆ ಬಿಡುತ್ತಿರಲಿಲ್ಲ. ಸ್ಪೆಕ್ಟ್ರಂ ಬೇಕೆಂದರೆ ಕಳ್ಳದಾರಿಯೇ ಗತಿ. ಆಗ ವೋಯಾ ಆಂಟೋನಿಚ್ ಎಂಬ ತಂತ್ರಜ್ಞರು ಒಂದು ಉಪಾಯ ಹುಡುಕಿದರು. ದುಬಾರಿಯಾದ ಪ್ರತ್ಯೇಕ ಚಿತ್ರದ ಬಿಡಿಭಾಗವನ್ನು ಕೈಬಿಟ್ಟು, ಟಿ.ವಿ.ಯ ಮೇಲೆ ಚಿತ್ರ ಮೂಡಿಸುವ ಕೆಲಸವನ್ನೂ ಮುಖ್ಯ ಚಿಪ್ಪಿಗೇ ವಹಿಸಿದರು. ವೇಗ ಕಡಿಮೆಯಾಯಿತು, ಬೆಲೆಯೂ ಕಡಿಮೆಯಾಯಿತು. ಜಾಗದ ಬಿಗಿ ಎಷ್ಟೆಂದರೆ ಯಂತ್ರಕ್ಕೆ ತಪ್ಪು ಹೇಳಲು ಇದ್ದದ್ದು ಮೂರೇ ಮಾತು: 'ವಾಟ್?', 'ಹೌ?', 'ಸಾರಿ'.

ಆ ಯಂತ್ರದ ನಕ್ಷೆಯನ್ನು 'ಗಲಾಕ್ಸಿಯ' ಎಂಬ ವಿಜ್ಞಾನ ಮಾಸಿಕ ತನ್ನ ವಿಶೇಷ ಸಂಚಿಕೆಯಲ್ಲಿ 1984ರ ಆರಂಭಕ್ಕೆ ಪೂರ್ತಿಯಾಗಿ ಅಚ್ಚು ಹಾಕಿತು. ಯಂತ್ರಕ್ಕೂ ಅದೇ ಹೆಸರಾಯಿತು. ಬಿಡಿಭಾಗ ತರಿಸಿಕೊಂಡು ಬೆಸುಗೆ ಹಾಕಿ ನೀವೇ ಕಟ್ಟಿಕೊಳ್ಳಿ ಎಂಬುದು ಕರೆ. ಯಾರೂ ನಿರೀಕ್ಷಿಸದಂತೆ ಎಂಟು ಸಾವಿರಕ್ಕೂ ಮಿಕ್ಕ ಜನ ಬಿಡಿಭಾಗಗಳಿಗಾಗಿ ಪತ್ರ ಬರೆದರು. ಮಾಸಪತ್ರಿಕೆಯೊಂದರ ಓದುಗ ಬಳಗ ಮನಸ್ಸು ಮಾಡಿದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಯಂತ್ರವಾಯಿತು, ಆಟಗಳೆಲ್ಲಿ? ಅದಕ್ಕೆ ಬಂದದ್ದು ಆಕಾಶವಾಣಿಯ ಮಾರ್ಗ. ಟೇಪಿನಲ್ಲಿರುವುದು ಧ್ವನಿಯೇ ಆದರೆ ಅದನ್ನು ರೇಡಿಯೋದಲ್ಲಿ ಬಿತ್ತರಿಸಬಹುದಲ್ಲ! ಬೆಲ್‌ಗ್ರೇಡ್ ರೇಡಿಯೋದ 'ವೆಂಟಿಲೇಟರ್ 202' ಎಂಬ ಕಾರ್ಯಕ್ರಮದಲ್ಲಿ ಜೋರಾನ್ ಮೋದ್ಲಿ ಎಂಬ ನಿರೂಪಕರು ಹಾಡುಗಳ ನಡುವೆ ಟೇಪ್ ಸಿದ್ಧಮಾಡಿಕೊಳ್ಳುವಂತೆ ಶ್ರೋತೃಗಳಿಗೆ ಹೇಳಿ, ಆ ಕಿರ್ರೆಂಬ ಸದ್ದನ್ನು ಹಾಗೆಯೇ ಬಿತ್ತರಿಸುತ್ತಿದ್ದರು. ಹುಡುಗರು ಧ್ವನಿಮುದ್ರಿಸಿಕೊಂಡು ಯಂತ್ರಕ್ಕೆ ಉಣಿಸುತ್ತಿದ್ದರು. ತಾವು ಬರೆದದ್ದನ್ನು ನಿಲಯಕ್ಕೆ ಕಳಿಸಿಕೊಡುತ್ತಿದ್ದರು. ಆ ದೇಶ 1991ರಿಂದ ಒಡೆದು ಹಲವು ದೇಶಗಳಾಯಿತು. ನಡುವೆ ರಕ್ತ ಹರಿಯಿತು. ಇಂದು ಬೇರೆ ಬೇರೆ ಬಾವುಟಗಳ ಕೆಳಗಿರುವ ಆ ಪೀಳಿಗೆಯವರಿಗೆ ಆ ಕರ್ಕಶ ಸದ್ದು, ಈಗ ನಕಾಶೆಯಲ್ಲಿಲ್ಲದ ಊರೊಂದರ ನೆನಪು.

ಚೆಕೊಸ್ಲೊವಾಕಿಯದಲ್ಲಿ ಮತ್ತೊಂದು ಬಗೆ. ಅಲ್ಲಿನ ಅಂಗಡಿಗಳಲ್ಲಿ ಆಟಗಳ ಮಾರಾಟವೆಂಬುದು ಇರಲಿಲ್ಲವೆನ್ನಬಹುದು. ಸೇನೆಗೆ ಸಹಕಾರ ನೀಡಲೆಂದು ಸರಕಾರ ನಡೆಸುತ್ತಿದ್ದ 'ಸ್ವಾಜಾರ್ಮ್' ಸಂಘಟನೆಯ ಕ್ಲಬ್ಬುಗಳಲ್ಲಿ ಹುಡುಗರು ಸೇರಿ ಟೇಪಿನಿಂದ ಟೇಪಿಗೆ ನಕಲು ಮಾಡಿಕೊಳ್ಳುತ್ತಿದ್ದರು. ಚಿತ್ರವಿಲ್ಲದೆ ಬರಿಯ ಅಕ್ಷರಗಳಿಂದಲೇ ನಡೆಯುವ ಆಟಗಳು ಅಲ್ಲಿ ಬೆಳೆದವು. "ನೀನು ಕತ್ತಲೆಯ ಓಣಿಯಲ್ಲಿದ್ದೀ" ಎಂದು ಯಂತ್ರ ತಿಳಿಸುತ್ತದೆ. ಏನು ಮಾಡಬೇಕೆಂದು ಆಡುವವನು ಹೇಳಬೇಕು. ಚಿತ್ರ ಬರೆಯಲು ಕಲಾವಿದ ಬೇಕು. ಅಕ್ಷರಕ್ಕೆ ಸ್ವಂತ ಭಾಷೆಯೊಂದಿದ್ದರೆ ಸಾಕು. ಫ್ರಾಂತಿಶೆಕ್ ಫುಕ ಎಂಬ ಹದಿಹರೆಯದವನು ಇಂಡಿಯಾನಾ ಜೋನ್ಸ್ ಎಂಬ ಅಮೆರಿಕನ್ ಸಿನಿಮಾ ನಾಯಕನನ್ನು ಹಿಡಿದು ಚೆಕ್ ಭಾಷೆಯಲ್ಲಿ ಇಂಥ ಆಟ ಕಟ್ಟಿದ, ಉಳಿದವರು ಅನುಸರಿಸಿದರು.

1989ರ ಜನವರಿ ಬಂತು. ಇಪ್ಪತ್ತು ವರ್ಷಗಳ ಹಿಂದೆ, 1969ರ ಜನವರಿ 16ರಂದು, ಯಾನ್ ಪಾಲಾಕ್ ಎಂಬ ವಿದ್ಯಾರ್ಥಿ ಸೋವಿಯತ್ ಆಕ್ರಮಣವನ್ನು ವಿರೋಧಿಸಿ ಪ್ರಾಗ್ ನಗರದ ವೆನ್ಸೆಸ್ಲಾಸ್ ಚೌಕದಲ್ಲಿ ಬೆಂಕಿ ಹಚ್ಚಿಕೊಂಡಿದ್ದ. ಅವನ ಸ್ಮರಣೆಗೆ ಸೇರಿದ ಜನರನ್ನು ಪೊಲೀಸರು ಲಾಠಿಯಿಂದಲೂ ನೀರಿನ ಫಿರಂಗಿಯಿಂದಲೂ ಚದುರಿಸಿದರು. ಆ ಬಳಿಕ ಒಂದು ಆಟ ಟೇಪಿನಿಂದ ಟೇಪಿಗೆ ಹರಿದಾಡಿತು: ಅದೇ ಜನವರಿ 16ರಂದು ಅದೇ ಚೌಕದಲ್ಲಿ ಸಿಕ್ಕಿಬಿದ್ದ ಇಂಡಿಯಾನಾ ಜೋನ್ಸ್, ಪೊಲೀಸರಿಂದ ತಪ್ಪಿಸಿಕೊಂಡು ಅಮೆರಿಕ ಸೇರಬೇಕು. ಕರ್ತೃವಿನ ಹೆಸರಿಲ್ಲ; ಇದ್ದಿದ್ದರೆ ಸೆರೆಮನೆಯೇ. ಪತ್ರಿಕೆಗಳು ಬರೆಯಲಾರದ್ದನ್ನು ಒಂದು ಆಟ ಬರೆಯಿತು. ದೊಡ್ಡವರು ಅದನ್ನು ಮಕ್ಕಳ ಚೇಷ್ಟೆಯೆಂದು ಕಡೆಗಣಿಸಿದ್ದರಿಂದಲೇ ಅದು ಬದುಕಿತು. ಅದೇ ವರ್ಷದ ನವೆಂಬರಿನಲ್ಲಿ ಆ ಸರಕಾರ ಬಿದ್ದಿತು. ಇಂದು ಸ್ಲೊವಾಕಿಯದ ವಿನ್ಯಾಸ ವಸ್ತುಸಂಗ್ರಹಾಲಯ ಇಂಥ ಆಟಗಳನ್ನು ಇಂಗ್ಲಿಷಿಗೆ ತಂದು ಕಾಯುತ್ತಿದೆ. ನಮ್ಮ ಕಚೇರಿಯ ಕಣ್ಣಿಗೆ 'ಸಿ' ವರ್ಗವೆನಿಸಿದ್ದು ಅಲ್ಲಿ 'ಎ' ವರ್ಗಕ್ಕೇರಿತು.

ಮಾಸ್ಕೋದ ಸುದ್ದಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡೋಣ. ಅಲೆಕ್ಸಿ ಪಾಜಿತ್ನೋವ್ ಅವರು 1984ರ ಸುಮಾರಿಗೆ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ 'ಟೆಟ್ರಿಸ್' ಕಟ್ಟಿದಾಗ, ಅವರ ಯಂತ್ರಕ್ಕೆ ಚಿತ್ರ ಬಾರದ್ದರಿಂದ ಆವರಣ ಚಿಹ್ನೆಗಳನ್ನೇ ಇಟ್ಟಿಗೆಯಾಗಿಸಿದರು. ಜಗತ್ತೆಲ್ಲ ಆಡಿದರೂ 1996ರವರೆಗೆ ಅದರ ಹಕ್ಕು ಅವರ ಕೈಗೆ ಬರಲಿಲ್ಲ. ಸರಕಾರಿ ನೌಕರನು ಮಾಡಿದ್ದು ಸರಕಾರದ್ದೇ. ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನು ನಮ್ಮ ಅಟ್ಟದ ಪೆಟ್ಟಿಗೆಯ ವಂಶಾವಳಿ. ಇದರ ಮೂಲಪುರುಷ ಜಪಾನಿನ 'ಫ್ಯಾಮಿಲಿ ಕಂಪ್ಯೂಟರ್'. ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ 14,800 ಯೆನ್ನಿಗೆ ಮಾರಿದ್ದು. ಅದರ ಅಗ್ಗದ ನಕಲುಗಳು ತೈವಾನಿನಲ್ಲಿ ತಯಾರಾಗಿ ದೇಶದೇಶಕ್ಕೆ ಹೊರಟವು. ಪೋಲೆಂಡಿನಲ್ಲಿ ಅದಕ್ಕೆ 'ಪೆಗಸಸ್' ಎಂದು ಹೆಸರಾಯಿತು. ಸೋವಿಯತ್ ಒಕ್ಕೂಟ ಮುರಿದ ಮರುವರ್ಷ, 1992ರ ಕೊನೆಯಲ್ಲಿ, ರಷ್ಯದಲ್ಲಿ ಅದು ಆನೆಮರಿಯ ಗುರುತಿನ 'ಡೆಂಡಿ'ಯಾಗಿ ಬಂತು. ಅಲ್ಲಿನವರಿಗೆ ಅದು ಅಪ್ಪಅಮ್ಮಂದಿರ ಸಂಬಳ ನಿಂತ, ಆದರೂ ಮನೆಗೆ ಬಣ್ಣ ಬಂದ ಕಾಲದ ನೆನಪು. ನಮ್ಮೂರಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ಬರಿಯ 'ವಿಡಿಯೋ ಗೇಮ್'. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳೆಂದು ಬರೆದಿರುತ್ತಿತ್ತು. ಒಳಗಿದ್ದವು ಹತ್ತಿಪ್ಪತ್ತು, ಅವೇ ತಿರುತಿರುಗಿ. ಅದೇ ಮರಿಯೋ, ಅದೇ ಕಾಂಟ್ರಾ. ವಾರ್ಸಾದ ಹುಡುಗನೂ ಮಾಸ್ಕೋದ ಹುಡುಗನೂ ರಾಣೆಬೆನ್ನೂರಿನ ನಾವೂ ಹಾರಿದ್ದು ಅದೇ ಗುಂಡಿಯನ್ನು, ಬಿದ್ದದ್ದೂ ಅದರಲ್ಲೇ. ಆದರೆ ಯಾರ ನೆನಪೂ ಇನ್ನೊಬ್ಬರದಲ್ಲ. ಆಟ ಒಂದೇ, ಅದು ಮನೆಗೆ ಬಂದ ದಾರಿ, ಆಗಿನ ಕೊರತೆ, ಪಕ್ಕದಲ್ಲಿ ಕುಳಿತವರು ಬೇರೆ. ನೆನಪಾಗಿ ಉಳಿಯುವುದು ಇವೇ.

ಈ ಮಾತು ದೇಶಕ್ಕಷ್ಟೇ ಅಲ್ಲ, ಮನೆಗೂ ಹೊಂದುತ್ತದೆಂದು ಆಮೇಲೆ ತಿಳಿಯಿತು. ವಾಟ್ನಿಯ ಮೇಲೆ ತಮ್ಮನೊಡನೆ ಮಾತು ಕಡಿಮೆಯಾಗಿತ್ತು. ಪೆಟ್ಟಿಗೆಯ ನೆಪದಿಂದ ಅಟ್ಟದ ಮೇಲಿನಿಂದಲೇ ಫೋನು ಮಾಡಿದೆವು. ನಮಗೆ ನೆನಪಿದ್ದದ್ದು ಗೆಲುವುಗಳು. ಅವನು ನಕ್ಕು ಹೇಳಿದ: "ಅಣ್ಣಾ, ನಿನ್ನ ಕೈಯಾಗ ಯಾವಾಗ್ಲೂ ಒಂದನೇ ರಿಮೋಟು. ಮರಿಯೋದಾಗ ನೀ ಸಾಯೂತನಕಾ ನಾ ಕಾಯ್ಕೋತ ಕುಂದರಬೇಕಿತ್ತು. ನನಗ ಅದೊಂದ ನೆನಪೈತಿ." ಆ ಆಟದ ನಿಯಮವೇ ಹಾಗೆ, ಮೊದಲನೆಯವನು ಸತ್ತ ಮೇಲೆಯೇ ಎರಡನೆಯವನ ಸರದಿ. ಮೂವತ್ತು ವರ್ಷ ನಮಗದು ಹೊಳೆದಿರಲಿಲ್ಲ. ವಾಟ್ನಿಯಲ್ಲಿ ಅವನೇಕೆ ಅಷ್ಟು ಬಿಗಿಯಾಗಿ ಕುಳಿತಿದ್ದನೆಂಬುದೂ ಆಗ ಸ್ವಲ್ಪ ತಿಳಿದಂತಾಯಿತು. ಆ ಎರಡು ರಿಮೋಟುಗಳ ತಂತಿ ಪೆಟ್ಟಿಗೆಯೊಳಕ್ಕೇ ಸೇರಿದೆ, ಬೇರೆ ಮಾಡಲು ಬರುವಂತಿಲ್ಲ. ಆದ್ದರಿಂದ ಪೆಟ್ಟಿಗೆ ಅವನಿಗೇ ಇರಲೆಂದು ತೀರ್ಮಾನಿಸಿ, ದೀಪಾವಳಿಗೆ ಹೈದರಾಬಾದಿಗೆ ನಾವೇ ಒಯ್ದುಕೊಟ್ಟೆವು. ಈಗಿನ ಟಿ.ವಿ.ಗೆ ಅದು ಹೊಂದಲಿಲ್ಲ. ಅವನ ಮಗನೂ ನಮ್ಮ ಮಗಳೂ ಸ್ವಲ್ಪ ಹೊತ್ತು ಗುಂಡಿಗಳನ್ನು ಒತ್ತಿ ನೋಡಿ, ಹೊರಗೆ ಪಟಾಕಿ ಹಚ್ಚಲು ಹೋದರು.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ ಊರಮನೆಗಳು ಇಂದೋ ನಾಳೆಯೋ ಬರಿದಾಗುವಂಥವು. ಎಲ್ಲವನ್ನೂ ತಂದಿಡಲು ನಗರದ ಎರಡು ಕೋಣೆಗಳಲ್ಲಿ ಜಾಗವಿಲ್ಲ, ನಿಜ. ಕಚೇರಿಯಲ್ಲಿ ನಾವು ಕಲಿತದ್ದೊಂದಿದೆ: ಟಿಪ್ಪಣಿಯಿಲ್ಲದ ಕಡತ ಮೂಕ. ಆದ್ದರಿಂದ ಗುಜರಿಯವನನ್ನು ಕರೆಯುವ ಮುನ್ನ, ಅದನ್ನು ಯಾರು ತಂದರು, ಯಾವ ವರ್ಷ, ಯಾರ ಜೊತೆ ಆಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಒಡಹುಟ್ಟಿದವರಿದ್ದರೆ ಅವರನ್ನೂ ಕೇಳಿ ಬರೆಯಿರಿ. ಅವರ ಟಿಪ್ಪಣಿ ನಿಮ್ಮದಕ್ಕಿಂತ ಬೇರೆಯಾಗಿದ್ದೀತು.