ಸ್ಪ್ರೆಡ್‌ಶೀಟ್‌ನಲ್ಲಿ ಮಾಹಿತಿ ಜೋಡಣೆ

ಸಾಲು, ಅಂಕಣಗಳಲ್ಲಿ ತುಂಬಿದ ಮಾಹಿತಿಯನ್ನು ಅಕ್ಷರ, ಅಂಕಿ ಅಥವಾ ದಿನಾಂಕದ ಕ್ರಮಕ್ಕೆ ತರುವ ಕೆಲಸ. ರೂಢಿಯಲ್ಲಿ ಸಾರ್ಟ್ ಮಾಡುವುದು. ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ 1979ರಲ್ಲಿ ಬಂತು, ಎಕ್ಸೆಲ್ 1985ರಲ್ಲಿ.

ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕನ್ನಡ ಅಕ್ಷರಕ್ರಮಕ್ಕೆ ತಂದರೆ ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿ ಎಂದಾಗುತ್ತದೆ. ಕಿತ್ತೂರನ್ನು ‘ಚನ್ನಮ್ಮನ ಕಿತ್ತೂರು’ ಎಂದು ಬರೆದ ಸಾಲು ಚಕಾರಕ್ಕೆ ಹೋಗುತ್ತದೆ. ಸವದತ್ತಿ, ಸೌದತ್ತಿ ಎರಡೂ ಬಳಕೆಯಲ್ಲಿರುವುದರಿಂದ ರೈತರ ಪಟ್ಟಿಯಲ್ಲಿ ಒಂದೇ ಊರಿನವರು ಎರಡು ಗುಂಪಾಗುತ್ತಾರೆ. ಆದ್ದರಿಂದ ಊರಿನ ಹೆಸರಿಗೆ ಒಂದೇ ರೂಪ ಗೊತ್ತುಮಾಡುವುದು ಮೊದಲ ಕೆಲಸ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿ ಕನ್ನಡ ಕ್ರಮಕ್ಕೆ ಬರುವುದೇ ಇಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಯುನಿಕೋಡ್‌ನಲ್ಲೂ ಳಕಾರದ ಸಂಕೇತ ಲಕಾರದ ಬೆನ್ನಿಗೇ ಇದೆ, ವರ್ಣಮಾಲೆಯಲ್ಲಿರುವಂತೆ ಹಕಾರದ ನಂತರವಲ್ಲ. ಬರೀ ಸಂಕೇತ ನೋಡಿ ಜೋಡಿಸುವ ತಂತ್ರಾಂಶ ಇಲ್ಲಿ ತಪ್ಪುತ್ತದೆ.

ಹೆಚ್ಚು ಹಾನಿಯಾಗುವುದು ಉತಾರದ (ಪಹಣಿಯ) ಸರ್ವೆ ನಂಬರಿನಲ್ಲಿ. 12/3 ಎಂದು ತುಂಬಿದರೆ ಎಕ್ಸೆಲ್ ಅದನ್ನು ಮಾರ್ಚ್ 12 ಅಥವಾ ಡಿಸೆಂಬರ್ 3 ಎಂದು ತಿಳಿಯುತ್ತದೆ. ಆಮೇಲೆ ಪಠ್ಯರೂಪಕ್ಕೆ ಬದಲಿಸಿದರೆ ಸಿಗುವುದು ಐದಂಕಿಯ ಸಂಖ್ಯೆ. ಹೊಲದ ನಂಬರು ಅಲ್ಲಿರುವುದಿಲ್ಲ. ಮೊದಲೇ ಪಠ್ಯವೆಂದು ಗುರುತಿಸಿದರೂ 100 ಎಂಬುದು 12ಕ್ಕಿಂತ ಮೇಲೆ ಕೂರುತ್ತದೆ. ಸರ್ವೆ ನಂಬರಿಗೊಂದು, ಹಿಸ್ಸಾ (ಉಪವಿಭಾಗ) ನಂಬರಿಗೊಂದು ಅಂಕಣ ಮಾಡುವುದೇ ಸರಿಯಾದ ದಾರಿ.

ಒಂದೇ ಅಂಕಣವನ್ನು ಆಯ್ದು ಸಾರ್ಟ್ ಮಾಡಿದರೆ ಒಬ್ಬರ ಹೊಲ ಇನ್ನೊಬ್ಬರ ಹೆಸರಿನ ಮುಂದೆ ಬರಬಹುದು. ಇಡೀ ಕೋಷ್ಟಕವನ್ನು ಆಯ್ದುಕೊಳ್ಳಿ. ಮೂಲ ಕ್ರಮಕ್ಕೆ ಮರಳಲು ಮೊದಲೇ ಕ್ರಮಸಂಖ್ಯೆಯ ಅಂಕಣವೊಂದನ್ನು ತುಂಬಿಡಿ.