ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು

ಬಸವ ಜಯಂತಿಯು ಇಂದು ಕರ್ನಾಟಕದಲ್ಲಿ ಸರ್ಕಾರಿ ರಜೆಯ ದಿನ. ಊರೂರುಗಳಲ್ಲಿ ಮೆರವಣಿಗೆಗಳು ಹೊರಡುತ್ತವೆ, ಉಪನ್ಯಾಸಗಳು ನಡೆಯುತ್ತವೆ. ಈ ಉತ್ಸವವು ಅನಾದಿಯಿಂದ ಹೀಗೆಯೇ ನಡೆದುಬಂದಿತೆಂದು ಭಾವಿಸುವವರುಂಟು. ವಸ್ತುತಃ ಅದು ಸಾರ್ವಜನಿಕ ರೂಪವನ್ನು ತಾಳಿದ್ದು 1913ರಲ್ಲಿ, ದಾವಣಗೆರೆಯ ವಿರಕ್ತಮಠದ ಆಶ್ರಯದಲ್ಲಿ. ಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳೊಡನೆ ಅದಕ್ಕೆ ಹೆಗಲುಕೊಟ್ಟವರು ಇಪ್ಪತ್ತೇಳು ವರ್ಷದ ತರುಣ ಹರ್ಡೇಕರ ಮಂಜಪ್ಪನವರು.

ಮಂಜಪ್ಪನವರು 1886ರಲ್ಲಿ ಬನವಾಸಿಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಶಿರಸಿಯಲ್ಲಿ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ವಂಗಭಂಗದ ಬಳಿಕ ದೇಶವನ್ನೆಲ್ಲ ಆವರಿಸಿದ ಸ್ವದೇಶೀ ಚಳವಳಿಯು ಅವರನ್ನು ನಿಶ್ಚಿಂತವಾಗಿ ಪಾಠ ಹೇಳಿಕೊಂಡಿರಲು ಬಿಡಲಿಲ್ಲ. ಸರ್ಕಾರಿ ನೌಕರಿಯನ್ನು ತೊರೆದು 1906ರಲ್ಲಿ ದಾವಣಗೆರೆಗೆ ಬಂದು ‘ಧನುರ್ಧಾರಿ’ ವಾರಪತ್ರಿಕೆಯನ್ನು ಆರಂಭಿಸಿದರು. ತಿಲಕರ ವಿಚಾರಗಳನ್ನು ಕನ್ನಡಿಗರಿಗೆ ಮುಟ್ಟಿಸುವುದು ಅದರ ಪ್ರಮುಖ ಕಾರ್ಯವಾಗಿತ್ತು.

ಸ್ಥಳವೂ ವಿಚಾರಾರ್ಹವಾದುದೇ. ಹರಿಹರದ ಬಳಿ ತುಂಗಭದ್ರೆಯ ಆಚೆಯ ದಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಈಚೆಯದು ಮೈಸೂರು ಸಂಸ್ಥಾನ. ಹತ್ತಿಯ ವ್ಯಾಪಾರದಿಂದ ಬೆಳೆಯುತ್ತಿದ್ದ, ರೈಲುಮಾರ್ಗದ ಮೇಲಿದ್ದ ದಾವಣಗೆರೆಗೆ ಎರಡು ಕಡೆಯ ಕನ್ನಡಿಗರೂ ಬಂದು ಹೋಗುತ್ತಿದ್ದರು. ಆದರೆ ಸಂಸ್ಥಾನದ ಆಡಳಿತವೇನೂ ಪತ್ರಿಕೆಗಳಿಗೆ ಅನುಕೂಲವಾಗಿರಲಿಲ್ಲ. 1908ರ ವೃತ್ತಪತ್ರಿಕಾ ಕಾಯಿದೆಯು ಸಂಪಾದಕರ ಕೈಗಳನ್ನು ಕಟ್ಟಿಹಾಕಿತು.

ವಿರಕ್ತಮಠದಲ್ಲಿ ಶ್ರಾವಣಮಾಸದ ಭಜನೆ, ಉಪನ್ಯಾಸಗಳಿಂದ ಮೊದಲಾದ ಕಾರ್ಯವು ಜಯಂತ್ಯುತ್ಸವಕ್ಕೆ ದಾರಿಮಾಡಿತು. ಅದರ ಮಹತ್ತ್ವವನ್ನು ಅರಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ನೆನೆಯಬೇಕು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಅಚ್ಚಾದದ್ದು 1923ರಲ್ಲಿ, ಅಂದರೆ ಹತ್ತು ವರ್ಷಗಳ ತರುವಾಯ. ಜನಸಾಮಾನ್ಯರಿಗೆ ಬಸವಣ್ಣನವರು ಹೆಚ್ಚಾಗಿ ಪುರಾಣಪ್ರವಚನಗಳ ಮೂಲಕವೇ ಪರಿಚಿತರು. ಪವಾಡಪುರುಷರು, ನಂದಿಯ ಅವತಾರ. ಅವರನ್ನು ಸಮಾಜಸುಧಾರಕರೆಂದು, ಕಾಯಕದ ಬೋಧಕರೆಂದು ಬಯಲ ಸಭೆಯಲ್ಲಿ ನೆನೆಯುವುದು ಹೊಸ ಸಂಗತಿ. ತಿಲಕರು 1893ರಿಂದ ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದ ಬಗೆಯನ್ನು ‘ಧನುರ್ಧಾರಿ’ಯ ಸಂಪಾದಕರು ಅರಿಯದವರಲ್ಲ.

ಮಂಜಪ್ಪನವರನ್ನು ‘ಕರ್ನಾಟಕದ ಗಾಂಧಿ’ ಎಂದು ಕರೆಯುವುದು ರೂಢಿ. ಗೌರವದ ಮಾತೇನೋ ನಿಜ. ಆದರೆ ಅದು ಕಾಲಗಣನೆಯನ್ನು ಮರೆಸುತ್ತದೆ. ಗಾಂಧೀಜಿಯವರು ದಕ್ಷಿಣ ಆಫ್ರಿಕದಿಂದ ಸ್ವದೇಶಕ್ಕೆ ಮರಳಿದ್ದು 1915ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಮಂಜಪ್ಪನವರು ನೌಕರಿ ಬಿಟ್ಟು ಒಂಬತ್ತು ವರ್ಷಗಳು ಸಮೀಪಿಸಿದ್ದವು, ಬಸವ ಜಯಂತಿಯೂ ನಡೆದಿದ್ದಿತು. ಸಾಬರಮತಿಯ ಆಶ್ರಮವನ್ನು ಅವರು ಕಂಡು ಬಂದದ್ದೂ, ಹರಿಹರದಲ್ಲಿ ತುಂಗಭದ್ರೆಯ ತೀರದಲ್ಲಿ ಸತ್ಯಾಗ್ರಹಾಶ್ರಮವನ್ನು ಕಟ್ಟಿದ್ದೂ, ಖಾದಿಯ ವ್ರತವನ್ನು ಹಿಡಿದದ್ದೂ ಅನಂತರದ ಸಂಗತಿಗಳು. ಗಾಂಧೀಜಿಯವರಲ್ಲಿ ಅವರು ಕಂಡದ್ದು, ಬಹುಮಟ್ಟಿಗೆ, ಶರಣರಲ್ಲಿ ಮೊದಲೇ ಕಂಡಿದ್ದನ್ನು: ದುಡಿಮೆ, ಸತ್ಯ, ಸರಳ ಜೀವನ. ಅನುಯಾಯಿಯೆಂಬ ಒಂದೇ ಮಾತಿನಲ್ಲಿ ಅವರನ್ನು ಮುಗಿಸಿಬಿಡುವ ಲೇಖಕರು ದಾವಣಗೆರೆಯ ಈ ವರ್ಷಗಳನ್ನು ಗಮನಿಸಿದಂತೆ ತೋರುವುದಿಲ್ಲ.

1927ರಲ್ಲಿ ಅವರು ಕೃಷ್ಣಾತೀರದ ಆಲಮಟ್ಟಿಗೆ ಹೋಗಿ ವಿದ್ಯಾಲಯವನ್ನು ಸ್ಥಾಪಿಸಿದರು. ಪತ್ರಿಕೆ, ಉಪನ್ಯಾಸ, ಗ್ರಂಥರಚನೆಗಳು ಅಲ್ಲಿಯೂ ನಿಲ್ಲಲಿಲ್ಲ. ಕೊನೆಯವರೆಗೆ ಬ್ರಹ್ಮಚಾರಿಯಾಗಿಯೇ ಉಳಿದ ಅವರು ಲಿಂಗೈಕ್ಯರಾದದ್ದು 1947ರ ಜನವರಿ 3ರಂದು. ಸ್ವಾತಂತ್ರ್ಯವು ಬರಲು ಆಗ ಇನ್ನು ಏಳು ತಿಂಗಳಿದ್ದವು.